ಸ್ಕ್ರೀನ್ ಮೇಲೆ ಸರಿ, ಫೈಲಿನೊಳಗೆ ತಪ್ಪು: ಎಡಿಟರ್‌ನಲ್ಲಿ ಕನ್ನಡ ಕೆಡೋದು ಯಾಕೆ, ಸರಿ ಮಾಡೋದು ಹೇಗೆ?

ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದಿಂದ ಗೆಳೆಯನೊಬ್ಬ ವಾಟ್ಸಾಪ್‌ನಲ್ಲಿ ಅರ್ಜಿಯ ಕರಡು ಕಳಿಸಿದ್ದ. ಬೆಳಗಿನ ಹೊತ್ತು ಕಾಲೇಜು ಹುಡುಗರಿಗೆ ಇನ್ನೊಂದು ಬಸ್ ಬೇಕು ಅನ್ನೋ ಅರ್ಜಿ. ಪೇಟೆಯ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದು. 'ಸ್ವಲ್ಪ ತಿದ್ದಿಕೊಡು' ಅಂದಿದ್ದ. ತೆಗೆದು ನೋಡಿದರೆ ಎರಡು ಪುಟದಲ್ಲಿ ಒಂದಕ್ಷರ ಕನ್ನಡ ಇಲ್ಲ. ದೊಡ್ಡ 'ಪಿ', ಅದರ ಪಕ್ಕ ನೆತ್ತಿಯ ಮೇಲೆ ಗೀರು ಹೊತ್ತ ದೊಡ್ಡ 'ಎ', ಆಮೇಲೆ ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಗೀರಿನ 'ಎ', ಜರ್ಮನ್ನರು 'ಎಸ್' ಬದಲು ಬಳಸೋ ಒಂದು ಅಕ್ಷರ, ಚಿಕ್ಕ 'ಕ್ಯೂ', ಇನ್ನೊಮ್ಮೆ ಗೀರಿನ 'ಎ'. ಈ ಏಳು ಗುರುತುಗಳನ್ನು ನುಡಿ ಫಾಂಟ್‌ನಲ್ಲಿ ನೋಡಿದರೆ ಅದು 'ಕನ್ನಡ' ಅನ್ನೋ ಪದ.

ಇದು ಎಲ್ಲರೂ ಒಮ್ಮೆಯಾದರೂ ಕಂಡಿರೋ ದೃಶ್ಯವೇ. ಅರ್ಜಿ, ಆರ್‌ಟಿಐ ಉತ್ತರ, ಕರಪತ್ರ, ಸಂಘಟನೆಯ ಹಳೇ ನಿರ್ಣಯಗಳು ಹೀಗೆ ಬರುತ್ತವೆ. ನಾವು 'ಫಾಂಟ್ ಪ್ರಾಬ್ಲಂ' ಅಂತ ಒಂದೇ ಮಾತಲ್ಲಿ ಮುಗಿಸಿಬಿಡ್ತೀವಿ. ಆದರೆ ಫಾಂಟ್ ಬದಲಾಯಿಸಿದರೆ ಸರಿಹೋಗುವ ತೊಂದರೆಗಳು ಇದರಲ್ಲಿ ತೀರಾ ಕಮ್ಮಿ. ಜೊತೆಗೆ, ಕಣ್ಣಿಗೆ ಕಾಣೋ ತಪ್ಪಿಗಿಂತ ಕಾಣದ ತಪ್ಪೇ ಹೆಚ್ಚು ಹಾನಿ ಮಾಡುತ್ತೆ: ಓದಲು ಸರಿಯಾಗಿಯೇ ಇರುವ ಹೆಸರು, ಹುಡುಕಿದರೆ ಸಿಗೋದಿಲ್ಲ.

ಒಂದು ಊರಿನ ಹೆಸರಲ್ಲಿ ಎಷ್ಟು ಅಕ್ಷರ?

ರಾಮನಗರ, ಕನಕಪುರ, ಮಾಗಡಿ. ಈ ಮೂರು ಹೆಸರಲ್ಲೂ ಒತ್ತಕ್ಷರ ಇಲ್ಲ. ಹಾಗಾಗಿ ಹೆಚ್ಚು ತಕರಾರೂ ಇಲ್ಲ. ಚನ್ನಪಟ್ಟಣಕ್ಕೆ ಬಂದರೆ ಎರಡು ಒತ್ತು. ವಿರೂಪಾಕ್ಷಿಪುರಕ್ಕೆ ಬಂದರೆ ಕ್ಷಕಾರ, ಅದರ ಮೇಲೊಂದು ಗುಡಿಸು. ಶಾಲೆಯ ಲೆಕ್ಕದಲ್ಲಿ ಈ ಹೆಸರಿಗೆ ಆರಕ್ಷರ: ವಿ, ರೂ, ಪಾ, ಕ್ಷಿ, ಪು, ರ. ಯೂನಿಕೋಡ್ ಲೆಕ್ಕದಲ್ಲಿ 13 ಸಂಕೇತ. 'ಕ್ಷಿ' ಒಂದಕ್ಕೇ ನಾಲ್ಕು: ಕ, ವಿರಾಮ ಅಂದರೆ ನಾವು ಬರೆಯೋ ಅರ್ಧಾಕ್ಷರದ ಕೊಂಬು, ಷ, ಮತ್ತು ಇಕಾರದ ಗುಣಿತ ಚಿಹ್ನೆ. ಯುಟಿಎಫ್-8ನಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್, ಒಟ್ಟು 39 ಬೈಟ್.

ಈ ಲೆಕ್ಕ ಯಾಕೆ ಬೇಕು ಅಂದರೆ, ಎಡಿಟರ್‌ನ ವರ್ತನೆ ಅರ್ಥ ಆಗೋದು ಇಲ್ಲಿಂದಲೇ. ಬ್ಯಾಕ್‌ಸ್ಪೇಸ್ ಒತ್ತಿದಾಗ 'ಕ್ಷಿ' ಪೂರ್ತಿ ಹೋಗದೆ ಮೊದಲು ಗುಡಿಸು, ಆಮೇಲೆ ಷ, ಆಮೇಲೆ ವಿರಾಮ ಅಂತ ಒಂದೊಂದೇ ಹೋಗುವುದು ದೋಷ ಅಲ್ಲ. ಅದು ಸಂಕೇತ ಲೆಕ್ಕದಲ್ಲಿ ಅಳಿಸ್ತಿದೆ. ಅದೇ ಡಿಲೀಟ್ ಕೀ ಸಾಮಾನ್ಯವಾಗಿ ಇಡೀ ಗುಂಪನ್ನೇ ಹೊಡೆಯುತ್ತೆ. ಮೊಬೈಲ್ ಸಂದೇಶದಲ್ಲೂ ಇದೇ ಲೆಕ್ಕ ನಡೆಯುತ್ತೆ. ಇಂಗ್ಲಿಷ್ ಎಸ್‌ಎಂಎಸ್ 160 ಅಕ್ಷರಕ್ಕೆ ಒಂದು. ಅದರಲ್ಲಿ ಒಂದೇ ಒಂದು ಕನ್ನಡ ಅಕ್ಷರ ಬಂದರೂ ಮಿತಿ 70ಕ್ಕೆ ಇಳಿಯುತ್ತೆ. ವಿರೂಪಾಕ್ಷಿಪುರ ಅಂತ ಐದು ಸಲ ಬರೆದರೆ 65 ಮುಗಿದುಹೋಯ್ತು. ಊರ ಜನಕ್ಕೆ ಒಟ್ಟಿಗೆ ಸಂದೇಶ ಕಳಿಸುವ ಸಂಘಟನೆಗೆ ಕನ್ನಡ ದುಬಾರಿಯಾಗೋದು ಹೀಗೆ. ಯಾರೂ ಆದೇಶ ಹೊರಡಿಸಿ ಮಾಡಿದ್ದಲ್ಲ, ಆದರೂ ಆಗ್ತಿದೆ.

ಗೀರಿನ 'ಎ' ದೊಡ್ಡದೋ ಚಿಕ್ಕದೋ?

ಕನ್ನಡ ಕೆಟ್ಟು ಯುರೋಪಿನ ಆಕ್ಸೆಂಟ್ ಅಕ್ಷರಗಳಾಗಿ ಕಾಣಿಸಿಕೊಂಡಾಗ ಮೊದಲು ಮಾಡಬೇಕಾದ್ದು ಇಷ್ಟು: ಗೀರು ಹೊತ್ತ 'ಎ' ದೊಡ್ಡದಾ, ಚಿಕ್ಕದಾ ನೋಡಿ.

ದೊಡ್ಡ 'ಎ' ಪದೇ ಪದೇ ಬರ್ತಿದ್ದರೆ ಅದು ನುಡಿಯ ಹಳೇ ಆಸ್ಕಿ ಪಠ್ಯ. ಆ ಗೀರಿನ 'ಎ' ಜಾಗದಲ್ಲಿ ಫಾಂಟ್ ತಲಕಟ್ಟಿನ ಚಿತ್ರ ಇಟ್ಟಿರುತ್ತೆ; 'ಪಿ' ಜಾಗದಲ್ಲಿ ತಲಕಟ್ಟಿಲ್ಲದ 'ಕ'ದ ದೇಹ; ಜರ್ಮನ್ ಅಕ್ಷರದ ಜಾಗದಲ್ಲಿ ನಕಾರದ ಒತ್ತು. ಅಂದರೆ ಫೈಲಿನೊಳಗೆ ಕನ್ನಡ ಇಲ್ಲವೇ ಇಲ್ಲ. ಲ್ಯಾಟಿನ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿದೆ, ಅಷ್ಟೆ. ಫಾಂಟ್ ತೆಗೆದರೆ ವೇಷ ಕಳಚುತ್ತೆ.

ಇದಕ್ಕೆ ನುಡಿಯನ್ನ ಬೈಯೋದು ಈಗ ಫ್ಯಾಷನ್ನು. ನನಗೆ ಒಪ್ಪಿಗೆ ಇಲ್ಲ. ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು, ನಿಜ. ಆದರೆ ವಿಂಡೋಸ್‌ನಲ್ಲಿ ಕನ್ನಡ ಯೂನಿಕೋಡ್ ಕೆಲಸ ಮಾಡಲು ಶುರುವಾಗಿದ್ದು 2001ರ ಎಕ್ಸ್‌ಪಿ ಮತ್ತು ಅದರ ಜೊತೆ ಬಂದ ತುಂಗಾ ಫಾಂಟ್‌ನಿಂದ. ಅಷ್ಟರಲ್ಲಿ ಕಚೇರಿ, ಪತ್ರಿಕೆ, ಪ್ರಕಾಶನ ಎಲ್ಲರೂ ಕೆಲಸ ಮಾಡಲೇಬೇಕಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು. ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ನುಡಿ ರೂಪಿಸಿತು. ಅದರ ಕೀಲಿಮಣೆಗೆ ಕೆ.ಪಿ. ರಾವ್ ಅವರ ವಿನ್ಯಾಸವೇ ತಳಹದಿ. ಇವತ್ತು ಯೂನಿಕೋಡ್‌ನಲ್ಲಿ ಟೈಪ್ ಮಾಡುವವರೂ ಒತ್ತಿಗೆ 'ಎಫ್' ಒತ್ತೋದು ಆ ವಿನ್ಯಾಸದಿಂದಲೇ ಬಂದ ರೂಢಿ. ತಕರಾರು ಇರೋದು ಆಮೇಲಿನದರ ಬಗ್ಗೆ: ನುಡಿಯಲ್ಲೇ ಯೂನಿಕೋಡ್ ಆಯ್ಕೆ ಬಂದ ಮೇಲೂ, ವಿಂಡೋಸ್‌ನಲ್ಲೇ ಕನ್ನಡ ಕೀಲಿಮಣೆ ಇದ್ದರೂ, ಹಳೇ ಅಭ್ಯಾಸ ಮುಂದುವರಿದಿದೆ.

ಪರಿಹಾರ: ನುಡಿ-ಯೂನಿಕೋಡ್ ಪರಿವರ್ತಕ. ಮುಕ್ತ ತಂತ್ರಾಂಶದ ಪರಿವರ್ತಕಗಳಿವೆ, ಇಳಿಸಿಕೊಂಡು ನಿಮ್ಮ ಯಂತ್ರದಲ್ಲೇ ಓಡಿಸಬಹುದು. ಫೋನ್ ನಂಬರ್, ಆಧಾರ್ ನಂಬರ್ ಇರೋ ಅರ್ಜಿಯನ್ನ ಯಾವುದೋ ಅಪರಿಚಿತ ಜಾಲತಾಣಕ್ಕೆ ಅಂಟಿಸಬೇಡಿ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಇಂಗ್ಲಿಷ್ ಪದಗಳು ಮತ್ತು ಅಂಕಿಗಳನ್ನು ಕಣ್ಣಲ್ಲೇ ಒಮ್ಮೆ ನೋಡಿ. ಕನ್ನಡದ ನಡುವೆ ನಿಜವಾದ ಇಂಗ್ಲಿಷ್ ಪದ ಇದ್ದರೆ ಪರಿವರ್ತಕ ಅದನ್ನೂ ಕನ್ನಡ ಅಂದುಕೊಂಡು ಚಿತ್ರಾನ್ನ ಮಾಡಿರುತ್ತೆ.

ಇನ್ನು ಗೀರಿನ 'ಎ' ಚಿಕ್ಕದಾಗಿದ್ದು, ಅದರ ಹಿಂದೆಯೇ ಮೇಲಕ್ಕೆ ಏರಿದ ಪುಟ್ಟ 2 ಅಥವಾ 3 ಬರ್ತಿದ್ದರೆ ಸಮಾಧಾನ ಮಾಡ್ಕೊಳ್ಳಿ. ಅದು ಸರಿಯಾದ ಯೂನಿಕೋಡ್ ಕನ್ನಡವೇ, ಎಡಿಟರ್ ಅದನ್ನ ತಪ್ಪು ಎನ್‌ಕೋಡಿಂಗ್‌ನಲ್ಲಿ ಓದ್ತಿದೆ. ಕನ್ನಡದ ಪ್ರತಿ ಸಂಕೇತದ ಮೊದಲ ಎರಡು ಬೈಟ್ ಹೆಚ್ಚುಕಮ್ಮಿ ಒಂದೇ ತರ ಇರೋದರಿಂದ ಆ ಜೋಡಿ ಮತ್ತೆ ಮತ್ತೆ ಕಾಣುತ್ತೆ. ಆಗ ಒಂದೇ ನಿಯಮ: ಸೇವ್ ಮಾಡಬೇಡಿ. ವಿಎಸ್ ಕೋಡ್‌ನಲ್ಲಿ ಕೆಳಗಿನ ಬಲಮೂಲೆಯಲ್ಲಿ ಎನ್‌ಕೋಡಿಂಗ್ ಹೆಸರಿದೆ, ಅದರ ಮೇಲೆ ಒತ್ತಿ 'ರೀಓಪನ್ ವಿತ್ ಎನ್‌ಕೋಡಿಂಗ್' ಆರಿಸಿ ಯುಟಿಎಫ್-8 ಕೊಡಿ. ಕನ್ನಡ ವಾಪಸ್ ಬರುತ್ತೆ.

ಸೇವ್ ಮಾಡಿಬಿಟ್ಟರೆ? ಬಹುಪಾಲು ಹಿಂದಕ್ಕೆ ತರಬಹುದು, ಪೂರ್ತಿ ಅಲ್ಲ. ವಿಂಡೋಸ್‌ನ ಹಳೇ ಪಶ್ಚಿಮ ಯುರೋಪ್ ಪಟ್ಟಿಯಲ್ಲಿ, ಅಂದರೆ 1252ರಲ್ಲಿ, ಐದು ಜಾಗ ಖಾಲಿ. ನಮ್ಮ ದುರದೃಷ್ಟಕ್ಕೆ ಕನ್ನಡದ ವಿರಾಮ ಚಿಹ್ನೆಯ ಕೊನೆಯ ಬೈಟ್ ಅಂಥದ್ದೊಂದು ಖಾಲಿ ಗುಂಡಿಗೆ ಬೀಳುತ್ತೆ, ಉಕಾರದ ಕೊಂಬಿನ ಬೈಟ್ ಇನ್ನೊಂದಕ್ಕೆ. ಕೆಲವು ತಂತ್ರಾಂಶ ಆ ಬೈಟನ್ನ ಹಾಗೇ ಉಳಿಸಿಕೊಳ್ಳುತ್ತೆ, ಕೆಲವು ಪ್ರಶ್ನಾರ್ಥಕ ಹಾಕುತ್ತೆ, ಕೆಲವು ಸದ್ದಿಲ್ಲದೆ ನುಂಗುತ್ತೆ. ನುಂಗಿದರೆ ಚನ್ನಪಟ್ಟಣ 'ಚನನಪಟಟಣ' ಆಗುತ್ತೆ, ವಿರೂಪಾಕ್ಷಿಪುರ 'ವಿರೂಪಾಕಷಿಪರ'. ಕನ್ನಡದಲ್ಲಿ ಒತ್ತು ಮತ್ತು ಉಕಾರ ಎಷ್ಟು ಸಲ ಬರುತ್ತೆ ಅಂತ ಯೋಚಿಸಿದರೆ ನಷ್ಟದ ಅಳತೆ ಸಿಗುತ್ತೆ.

ಎಕ್ಸೆಲ್‌ನಲ್ಲಿ ಸಿಎಸ್‌ವಿ ತೆರೆಯುವಾಗ ಇದು ಹೆಚ್ಚು. ನರೇಗಾ ಪಟ್ಟಿಯನ್ನೋ, ಫಲಾನುಭವಿಗಳ ಹೆಸರನ್ನೋ ಇಳಿಸಿಕೊಂಡು ಡಬಲ್ ಕ್ಲಿಕ್ ಮಾಡಬೇಡಿ. ಡೇಟಾ ಮೆನುವಿನಿಂದ ಆಮದು ಮಾಡಿ, ಫೈಲ್ ಮೂಲ ಕೇಳಿದಾಗ 65001 ಅಂದರೆ ಯುಟಿಎಫ್-8 ಆರಿಸಿ. ನೋಟ್‌ಪ್ಯಾಡ್‌ನ ವಿಷಯ: 2019ರ ವಿಂಡೋಸ್ 10 ಪರಿಷ್ಕರಣೆಯಿಂದ ಅದು ತಾನಾಗಿಯೇ ಯುಟಿಎಫ್-8ನಲ್ಲಿ ಉಳಿಸುತ್ತೆ. ಅದಕ್ಕೂ ಹಳೇ ಯಂತ್ರವಾದರೆ 'ಸೇವ್ ಆ್ಯಸ್'ನಲ್ಲಿ ಆನ್ಸಿ ತೆಗೆದು ಯುಟಿಎಫ್-8 ಕೊಡಲೇಬೇಕು. ಇಲ್ಲಾಂದರೆ ಮುಂದಿನ ಸಲ ತೆಗೆದಾಗ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ. ಅದಕ್ಕೆ ಮದ್ದಿಲ್ಲ.

ಕಾಣದ ಎರಡು ಅಕ್ಷರಗಳು

'ಶಿವಕುಮಾರ್‌ಗೆ' ಮತ್ತು 'ಶಿವಕುಮಾರ್ಗೆ'. ಮೊದಲನೆಯದರಲ್ಲಿ 'ರ್' ಮತ್ತು 'ಗೆ' ನಡುವೆ ಅಗಲವೇ ಇಲ್ಲದ ಒಂದು ಸಂಕೇತ ಕೂತಿದೆ: ಝೀರೋ ವಿಡ್ತ್ ನಾನ್ ಜಾಯ್ನರ್, ಯೂನಿಕೋಡ್ ಸಂಖ್ಯೆ 200ಸಿ. 'ಇವೆರಡನ್ನ ಸೇರಿಸಬೇಡ' ಅನ್ನೋದು ಅದರ ಕೆಲಸ. ಅದಿಲ್ಲದಿದ್ದರೆ ರಕಾರ ಅರ್ಕಾವತ್ತಾಗಿ ಗೆ ಪಕ್ಕ ಹೋಗಿ ಕೂರುತ್ತೆ. 'ಕಾಂಗ್ರೆಸ್‌ನ', 'ರಾಜ್‌ಕುಮಾರ್', 'ಆರ್‌ಟಿಐ' ಎಲ್ಲಕ್ಕೂ ಇದು ಬೇಕು. ವ್ಯಂಜನದಲ್ಲಿ ಕೊನೆಯಾಗುವ ಹೆಸರಿಗೆ ವಿಭಕ್ತಿ ಹಚ್ಚೋದು ರಾಜಕೀಯ ಬರವಣಿಗೆಯಲ್ಲಿ ಪ್ರತಿ ಸಾಲಿಗೂ ಬರೋದರಿಂದ ಈ ಒಂದು ಕೀ ಗೊತ್ತಿಲ್ಲದಿದ್ದರೆ ಇಡೀ ವರದಿ ವಿಚಿತ್ರವಾಗಿ ಕಾಣುತ್ತೆ.

ಇನ್ನೊಂದು ಇದರ ತಮ್ಮ, 200ಡಿ, ಜಾಯ್ನರ್. 'ಸೂರ್ಯ', 'ಕಾರ್ಯ' ಬರೆಯುವಾಗ ರ, ವಿರಾಮ, ಯ ಒತ್ತಿದರೆ ಅರ್ಕಾವತ್ತು ಬರುತ್ತೆ, ಅದು ಸರಿ. ಆದರೆ ಪಕ್ಷಗಳು ಮಾಡೋ 'ರ‍್ಯಾಲಿ'ಗೆ ರಕಾರದ ಕೆಳಗೆ ಯಒತ್ತು ಬೇಕು. ಹಾಗೇ ಒತ್ತಿದರೆ 'ರ್ಯಾಲಿ' ಅಂತಾಗಿ ರಕಾರ ಹಿಂದಕ್ಕೆ ಹೋಗುತ್ತೆ. ಸರಿಯಾದ ಕ್ರಮ: ರ, 200ಡಿ, ವಿರಾಮ, ಯ. ವಿರಾಮದ ಮೊದಲು, ನಂತರ ಅಲ್ಲ. 'ರ‍್ಯಾಂಕ್' ಕೂಡ ಹಾಗೇ. ನಮ್ಮಲ್ಲಿ ಅರ್ಧ ಜನ 'ರ್ಯಾಲಿ' ಬರೆದು ಸುಮ್ಮನಾಗಿದ್ದಾರೆ. ಓದೋರು ಅರ್ಥ ಮಾಡ್ಕೊತಾರೆ, ಆದರೆ ಎರಡು ರೂಪ ಇರೋದರಿಂದ ಹುಡುಕಿದಾಗ ಅರ್ಧ ಸುದ್ದಿಯೇ ಸಿಗೋದು.

ಇವನ್ನ ಹಾಕೋದು ಹೇಗೆ? ವರ್ಡ್‌ನಲ್ಲೂ ಲಿಬ್ರೆಆಫೀಸ್‌ನಲ್ಲೂ ಇಂಗ್ಲಿಷ್ ಕೀಲಿಮಣೆಗೆ ಹೊರಳಿ 200ಸಿ ಅಂತ ಬರೆದು ಆಲ್ಟ್ ಮತ್ತು ಎಕ್ಸ್ ಒತ್ತಿ. ಲಿನಕ್ಸ್‌ನಲ್ಲಿ ಐಬಸ್ ಇದ್ದರೆ ಕಂಟ್ರೋಲ್-ಶಿಫ್ಟ್-ಯು, ಆಮೇಲೆ 200ಸಿ, ಎಂಟರ್. ವಿಮ್‌ನಲ್ಲಿ ಇನ್‌ಸರ್ಟ್ ಸ್ಥಿತಿಯಲ್ಲಿ ಕಂಟ್ರೋಲ್-ವಿ, ಯು, 200ಸಿ. ಈಮ್ಯಾಕ್ಸ್‌ನಲ್ಲಿ ಕಂಟ್ರೋಲ್-ಎಕ್ಸ್, 8, ಎಂಟರ್, 200ಸಿ, ಎಂಟರ್. ದಿನಾ ಬರೆಯುವವರು ಇದನ್ನ ಒಂದು ಶಾರ್ಟ್‌ಕಟ್‌ಗೆ ಕಟ್ಟಿಕೊಳ್ಳೋದು ವಾಸಿ.

ಒಂದು ಎಚ್ಚರಿಕೆ. ವಿಎಸ್ ಕೋಡ್‌ನಲ್ಲಿ 2021ರಿಂದ ಕಾಣದ ಅಕ್ಷರಗಳನ್ನ ಚೌಕ ಹಾಕಿ ತೋರಿಸೋ ಸೌಲಭ್ಯ ಇದೆ, ಕೋಡ್‌ನಲ್ಲಿ ಕಳ್ಳ ಅಕ್ಷರ ತುರುಕೋರನ್ನ ಹಿಡಿಯೋಕೆ. ಕನ್ನಡ ಫೈಲಿನಲ್ಲಿ ಚೌಕ ಕಂಡ ಕೂಡಲೇ 'ಕಸ' ಅಂತ ಎಲ್ಲ ಅಳಿಸಬೇಡಿ. ಕನ್ನಡಕ್ಕೆ ಅವು ಕಾಗುಣಿತದ ಭಾಗ.

ಸೊನ್ನೆ, ಒಂಬತ್ತು, ಮತ್ತು ಕೆಂಪೇಗೌಡರು

ಮಾಗಡಿಯ ಕೆಂಪೇಗೌಡರ ಹೆಸರನ್ನ ಎರಡು ತರ ಬರೀತೀನಿ: 'ಕೆಂಪೇಗೌಡ', 'ಕೆ೦ಪೇಗೌಡ'. ವ್ಯತ್ಯಾಸ ಕಾಣಿಸ್ತಾ? ಎರಡನೆಯದರಲ್ಲಿ ಅನುಸ್ವಾರ ಇಲ್ಲ, ಅದರ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಇದೆ. ಹಾಗೇ ಕೆಲವರು ಅರ್ಕಾವತ್ತಿಗೆ ಕನ್ನಡದ ಒಂಬತ್ತು ಬಳಸ್ತಾರೆ: 'ಧರ್ಮ' ಬದಲು 'ಧಮ೯'. ಟೈಪ್‌ರೈಟರ್ ಕಾಲದ ಮನಸ್ಸು ಇದು: ಕಾಗದದ ಮೇಲೆ ಆಕಾರ ಬಂದರೆ ಸಾಕು. ಕಂಪ್ಯೂಟರಿಗೆ ಮಾತ್ರ ಇವು ಬೇರೆ ಬೇರೆ ಪದಗಳು. ರಾಮನಗರ ಜಿಲ್ಲೆಯ ಹೆಸರನ್ನ 2025ರಲ್ಲಿ 'ಬೆಂಗಳೂರು ದಕ್ಷಿಣ' ಅಂತ ಬದಲಾಯಿಸಿದರು, ಪರ ವಿರೋಧ ಎರಡೂ ಜೋರಾಗಿ ನಡೀತು. ಆ ಹೊಸ ಹೆಸರನ್ನ ಒಬ್ಬ ಅನುಸ್ವಾರದಲ್ಲೂ ಇನ್ನೊಬ್ಬ ಸೊನ್ನೆಯಲ್ಲೂ ಟೈಪ್ ಮಾಡಿದರೆ ಡೇಟಾಬೇಸಿನ ಪಾಲಿಗೆ ಅವು ಎರಡು ಜಿಲ್ಲೆ.

ಸೊನ್ನೆ ತಿದ್ದೋದು ಸುಲಭ: ಹಿಂದೆ ಕನ್ನಡ ಅಕ್ಷರವೋ ಗುಣಿತ ಚಿಹ್ನೆಯೋ ಇರುವ ಸೊನ್ನೆಯನ್ನೆಲ್ಲ ಅನುಸ್ವಾರ ಮಾಡಿ, ಹಿಂದೆ ಅಂಕಿ ಇದ್ದರೆ ಮುಟ್ಟಬೇಡಿ, ಅದು ಇಸವಿ ಇರಬಹುದು. ಒಂಬತ್ತು ಸ್ವಲ್ಪ ಕಷ್ಟ. ಬರೀ ಬದಲಾಯಿಸಿದರೆ ಸಾಲದು, ಜಾಗವೂ ಬದಲಾಗಬೇಕು, ಯಾಕಂದರೆ 'ಧರ್ಮ'ದಲ್ಲಿ ರಕಾರವನ್ನ ಮಕಾರದ ಮೊದಲು ಉಚ್ಚರಿಸ್ತೀವಿ, ಯೂನಿಕೋಡ್ ಕೂಡ ಉಚ್ಚಾರಣೆಯ ಕ್ರಮವನ್ನೇ ಇಡುತ್ತೆ. ಒಂಬತ್ತರ ಹಿಂದಿನ ಇಡೀ ಅಕ್ಷರಗುಂಪನ್ನ ಹಿಡಿದು ಅದರ ಮುಂದೆ 'ರ್' ಇಡೋ ರೆಜೆಕ್ಸ್ ಬರೀಬೇಕು.

ಇನ್ನೂ ಸೂಕ್ಷ್ಮವಾದ ಒಂದು ತೊಂದರೆ ಇದೆ. ಫ್ರೆಂಚರ ಗೀರು ಹೊತ್ತ 'ಇ'ಯನ್ನ ಒಂದೇ ಸಂಕೇತವಾಗಿಯೂ ಇಡಬಹುದು, 'ಇ' ಮತ್ತು ಗೀರು ಅಂತ ಎರಡಾಗಿಯೂ ಇಡಬಹುದು. ಎರಡೂ ಕಣ್ಣಿಗೆ ಒಂದೇ. ನಮ್ಮ 'ಕೋ' ಕೂಡ ಹಾಗೇ: ಕ ಮತ್ತು ಓಕಾರ ಅಂತ ಎರಡು ಸಂಕೇತ, ಅಥವಾ ಬಿಡಿಸಿಟ್ಟರೆ ಕ, ಎಕಾರ, ಊಕಾರ, ದೀರ್ಘ ಅಂತ ನಾಲ್ಕು. ಕೀ, ಕೇ, ಕೈ, ಕೊ ಇವಕ್ಕೂ ಎರಡೆರಡು ರೂಪ. ಮ್ಯಾಕ್‌ನ ಹಳೇ ಫೈಲ್ ವ್ಯವಸ್ಥೆ ಫೈಲಿನ ಹೆಸರುಗಳನ್ನ ಬಿಡಿಸಿಯೇ ಇಡುತ್ತಿತ್ತು. ಹಾಗಾಗಿ ಅಲ್ಲಿಂದ ಬಂದ ಫೈಲನ್ನ ಬೇರೆ ಕಡೆ ಹುಡುಕಿದರೆ ಸಿಗದೇ ಹೋಗಬಹುದು. ಪರಿಹಾರಕ್ಕೆ ನಾರ್ಮಲೈಸೇಶನ್ ಅಂತ ಹೆಸರು. ಪೈಥಾನ್‌ನ ಯೂನಿಕೋಡ್‌ಡೇಟಾದಲ್ಲಿ ಎನ್‌ಎಫ್‌ಸಿ ಆಯ್ಕೆ ಕೊಟ್ಟರೆ ಒಂದೇ ಸಾಲಿನಲ್ಲಿ ಮುಗಿಯುತ್ತೆ. ಎರಡು ಪಟ್ಟಿಗಳನ್ನ ಹೋಲಿಸುವ ಮೊದಲು ಎರಡಕ್ಕೂ ಇದನ್ನ ಮಾಡಿ. ಆದರೆ ಗಮನಿಸಿ, ಇದು ಸೊನ್ನೆ-ಒಂಬತ್ತಿನ ತಪ್ಪನ್ನಾಗಲಿ, 200ಸಿ ಇರೋದು-ಇಲ್ಲದಿರೋದನ್ನಾಗಲಿ ಸರಿಮಾಡಲ್ಲ.

ಇದೆಲ್ಲ ಅತಿ ಸೂಕ್ಷ್ಮ ಅನ್ನಿಸಿದರೆ ಮತದಾರರ ಪಟ್ಟಿ ನೆನಪಿಸಿಕೊಳ್ಳಿ. ಯಂತ್ರ ಓದಬಲ್ಲ ಪಟ್ಟಿ ಕೊಡಿ ಅನ್ನೋ ಬೇಡಿಕೆ ಹೊಸದಲ್ಲ. 2018ರಲ್ಲಿ ಕಮಲ್ ನಾಥ್ ಸುಪ್ರೀಂ ಕೋರ್ಟಿಗೆ ಹೋಗಿದ್ದರು, ಅರ್ಜಿ ವಜಾ ಆಯ್ತು. 2025ರ ಆಗಸ್ಟ್‌ನಲ್ಲಿ ಮಹದೇವಪುರದ ಪಟ್ಟಿ ಮುಂದಿಟ್ಟು ರಾಹುಲ್ ಗಾಂಧಿ ಮತ್ತೆ ಅದೇ ಮಾತೆತ್ತಿದರು. ಪಟ್ಟಿ ಚಿತ್ರರೂಪದ ಪಿಡಿಎಫ್ ಆಗಿದ್ದರೆ ನಮಗಿರೋದು ಓಸಿಆರ್ ದಾರಿ. ಟೆಸರಾಕ್ಟ್ ಅನ್ನೋ ಮುಕ್ತ ತಂತ್ರಾಂಶ ಕನ್ನಡ ಓದುತ್ತೆ. ಆದರೆ ಆಕಾರ ನೋಡಿ ಓದೋ ಯಂತ್ರಕ್ಕೆ ಅನುಸ್ವಾರ-ಸೊನ್ನೆ, 'ಮ'-'ವು' ಗೊಂದಲ ಇದ್ದೇ ಇರುತ್ತೆ. ಹೀಗಿರುವಾಗ ಒಂದೇ ಹೆಸರು ಎರಡು ಸಲ ಬಂದಿದೆಯಾ, ಅಥವಾ ಒಂದು ಹೆಸರು ಬಿಟ್ಟುಹೋಗಿದೆಯಾ ಅಂತ ಹೇಳೋ ಮೊದಲು ಮೇಲೆ ಹೇಳಿದ ಶುದ್ಧೀಕರಣ ಆಗಿರಲೇಬೇಕು. ಇಲ್ಲದಿದ್ದರೆ ಆರೋಪ ಮಾಡಿದವರೂ ತಪ್ಪು ಲೆಕ್ಕ ಕೊಡ್ತಾರೆ, ಉತ್ತರ ಕೊಟ್ಟವರೂ.

ಫೈಲು ಸರಿ, ಕಾಣೋದು ತಪ್ಪು

ಉಲ್ಟಾ ಪ್ರಕರಣವೂ ಉಂಟು. ಟರ್ಮಿನಲ್‌ನಲ್ಲಿ ವಿಮ್ ತೆಗೆದಾಗ ಒತ್ತಕ್ಷರ ಕೆಳಗೆ ಹೋಗದೆ ಪಕ್ಕಪಕ್ಕ ಬಿಡಿಬಿಡಿಯಾಗಿ ನಿಂತಿದ್ದರೆ ಫೈಲನ್ನ ತಿದ್ದೋಕೆ ಹೋಗಬೇಡಿ. ಟರ್ಮಿನಲ್ ಪ್ರತಿ ಅಕ್ಷರಕ್ಕೂ ಸಮ ಅಳತೆಯ ಚೌಕ ಕೊಡುತ್ತೆ, ಕನ್ನಡ ಆ ಚೌಕಕ್ಕೆ ಒಗ್ಗಲ್ಲ. ಅನುಮಾನ ಬಂದರೆ ಅಕ್ಷರದ ಮೇಲೆ ಕರ್ಸರ್ ಇಟ್ಟು 'ಜಿ', 'ಎ' ಒತ್ತಿ, ಒಳಗಿರೋ ಸಂಕೇತಗಳ ಸಂಖ್ಯೆ ಕಾಣುತ್ತೆ. ಓದಲು ವಿಎಸ್ ಕೋಡ್, ಕೇಟ್ ಅಥವಾ ಈಮ್ಯಾಕ್ಸ್ 27ರ ನಂತರದ ಆವೃತ್ತಿ ಬಳಸಿ.

ವಿಮ್ ಬಳಸೋ ಕನ್ನಡಿಗರಿಗೆ ಇನ್ನೊಂದು ಹಿಂಸೆ ಇದೆ. ಐಬಸ್‌ನಲ್ಲಿ ಕನ್ನಡ ಇಟ್ಟುಕೊಂಡು ಎಸ್ಕೇಪ್ ಒತ್ತಿ, ಕೆಳಗಿನ ಸಾಲಿಗೆ ಹೋಗಲು 'ಜೆ' ಒತ್ತಿದರೆ ವಿಮ್‌ಗೆ 'ಜ' ಸಿಗುತ್ತೆ, ಏನೂ ಆಗಲ್ಲ. ಕೀಲಿಮಣೆ ಬದಲಾಯಿಸೋದನ್ನ ಹೊರಗಡೆ ಬಿಡದೆ ವಿಮ್‌ನದೇ ಕೀಮ್ಯಾಪ್ ಸೌಲಭ್ಯದೊಳಗೆ ತಂದರೆ ಕನ್ನಡ ಬರಿ ಇನ್‌ಸರ್ಟ್ ಸ್ಥಿತಿಯಲ್ಲಿ ಮಾತ್ರ ಇರುತ್ತೆ, ಆದೇಶಗಳು ಇಂಗ್ಲಿಷ್‌ನಲ್ಲೇ ಉಳಿಯುತ್ತವೆ. ಈಮ್ಯಾಕ್ಸ್‌ನಲ್ಲಿ ಈ ರಗಳೆ ಇಲ್ಲ, ಅದರೊಳಗೇ ಕನ್ನಡದ ಐಟ್ರಾನ್ಸ್ ಮತ್ತು ಇನ್‌ಸ್ಕ್ರಿಪ್ಟ್ ವಿಧಾನಗಳಿವೆ, ಕಂಟ್ರೋಲ್ ಮತ್ತು ಹಿಮ್ಮುಖ ಓರೆಗೆರೆ ಒತ್ತಿದರೆ ಅದಲುಬದಲು.

ಗುಣಿತ ಚಿಹ್ನೆಯ ಪಕ್ಕ ಚುಕ್ಕೆಗಳಿಂದಾದ ವೃತ್ತ ಕಂಡರೆ ಅದು ನಿಜವಾದ ತಪ್ಪು: ಚಿಹ್ನೆಗೆ ಆತುಕೊಳ್ಳಲು ವ್ಯಂಜನ ಸಿಕ್ಕಿಲ್ಲ. ಸಾಮಾನ್ಯವಾಗಿ ಒಂದೇ ಚಿಹ್ನೆ ಎರಡು ಸಲ ಬಿದ್ದಿರುತ್ತೆ, ಇಲ್ಲವೇ ನಡುವೆ ಒಂದು ಸ್ಪೇಸ್ ನುಸುಳಿರುತ್ತೆ. ವೃತ್ತದ ಹಿಂದಿನಿಂದ ಅಳಿಸಿ ಮತ್ತೆ ಟೈಪ್ ಮಾಡಿ.

ಬಸ್ಸಿನ ಅರ್ಜಿಗೆ ಬಂದರೆ, ಪರಿವರ್ತಕ ಬಹುಪಾಲು ಸರಿಯಾಗಿಯೇ ತಂದಿತ್ತು. ಇಂಗ್ಲಿಷ್‌ನಲ್ಲಿದ್ದ ಬಸ್ ನಂಬರ್ ಕೆಟ್ಟಿತ್ತು, ಎರಡು ಅರ್ಕಾವತ್ತು ಜಾಗ ತಪ್ಪಿತ್ತು, ಕೊನೆಯಲ್ಲಿ 'ಡಿಪೋ ಮ್ಯಾನೇಜರ್‌ಗೆ' ಅನ್ನೋದು 'ಮ್ಯಾನೇಜರ್ಗೆ' ಆಗಿತ್ತು. ಹತ್ತು ನಿಮಿಷದ ಕೆಲಸ. ಯೂನಿಕೋಡ್ ಫೈಲನ್ನೇ ವಾಪಸ್ ಕಳಿಸಿ, 'ಪ್ರಿಂಟ್ ತೆಗೆದು ಕೊಡು, ಜೊತೆಗೆ ಇದನ್ನೇ ಇಮೇಲ್‌ನಲ್ಲೂ ಹಾಕು, ಫೋಟೋ ಹೊಡೆದು ಕಳಿಸಬೇಡ' ಅಂದೆ.